ಒಂದು ರೊಟ್ಟಿಯ ಅಂಗಳ

ಬುಖಾರಾದ ನಮ್ಮ ಯೆಹೂದಿ ಕೇರಿಯಲ್ಲಿ ಮನೆಗಳು ಬೇರೆ ಬೇರೆಯಾದರೂ ಅಂಗಳ ಒಂದೇ. ನಮ್ಮ ಅಂಗಳದಲ್ಲಿ ಎರಡು ಸಂಸಾರ. ಒಂದು ಬದಿಗೆ ನಾನು, ನನ್ನ ಗಂಡ ಪಿನ್ಹಾಸ್, ಮಗ, ಸೊಸೆ. ಎದುರು ಬದಿಗೆ ಮೈದುನ ಓಶರ್ ಮತ್ತು ಅವನ ಹೆಂಡತಿ ಬುಲೋರ್. ಹಿಪ್ಪುನೇರಳೆ ಮರದ ಆಚೆ ಮಾವನವರ ಕೋಣೆ. ಅವರು ನಮ್ಮ ಒಲೆಗೇ ಸೇರಿದವರು. ಆದರೆ ಶುಕ್ರವಾರ ಹೊತ್ತು ಮುಳುಗಿದಾಗಿನಿಂದ ಶನಿವಾರ ನಕ್ಷತ್ರ ಮೂಡುವವರೆಗೆ ನಾವು ಯಾವ ಕೆಲಸವನ್ನೂ ಮುಟ್ಟದ ಸಬ್ಬತ್ತಿನ ದಿನದ ಅನ್ನ ಮಾತ್ರ ಮೊದಲಿನಿಂದಲೂ ಓಶರನ ಮನೆಯಿಂದ ಬರುತ್ತಿತ್ತು.

ಪ್ರತಿ ಶುಕ್ರವಾರ ಎರಡು ಮನೆಯ ಹಿಟ್ಟನ್ನೂ ಕಲಸಿ ಒಂದು ರೊಟ್ಟಿ ಸುಟ್ಟು ಮಾವನವರ ಕೋಣೆಯ ಗೋಡೆಗೂಡಿನಲ್ಲಿ ಇಡುತ್ತೇವೆ. ಆ ರೊಟ್ಟಿ ಇಡಿಯಾಗಿ ಇರುವಷ್ಟು ಹೊತ್ತು ಎರಡು ಮನೆಯೂ ಒಂದೇ ಮನೆ. ಸಬ್ಬತ್ತಿನಲ್ಲೂ ಮಗುವನ್ನು ಎತ್ತಿಕೊಂಡು, ತಟ್ಟೆ ಹಿಡಿದುಕೊಂಡು ಅಂಗಳ ದಾಟಬಹುದು. ರೊಟ್ಟಿ ಇಲ್ಲವಾದರೆ ಅಂದು ಒಂದು ಸೂಜಿಯೂ ಹೊಸ್ತಿಲು ದಾಟುವಂತಿಲ್ಲ.

ಆ ಶುಕ್ರವಾರ ಹೊತ್ತು ಮುಳುಗುವ ಮುಂಚೆ ಒಣಗಿದ ಬಟ್ಟೆ ತೆಗೆಯಲು ಹೋದೆ. ಬಾಣಂತಿ ಸೊಸೆಗೆಂದು ಒಗೆದು ಹಾಕಿದ್ದ ಬಿಳಿ ಹಾಸುಬಟ್ಟೆಯ ಮೇಲೆಲ್ಲ ನೀಲಿ ಕಲೆ. ಓಶರ್ ರೇಷ್ಮೆ ನೂಲಿಗೆ ನೀಲಿ ಬಣ್ಣ ಹಾಕುವವನು. ಅವನು ಅಂಗಳದಲ್ಲಿ ಒಣಹಾಕಿದ್ದ ನೂಲಿನಿಂದ ಬಣ್ಣ ತೊಟ್ಟಿಕ್ಕಿತ್ತು. ನಾನು ಸುಮ್ಮನಿದ್ದರೂ ನನ್ನ ಗಂಡ ಸುಮ್ಮನಿರಲಿಲ್ಲ.

"ಅಂಗಳ ಏನು ನಿನ್ನೊಬ್ಬನದಾ?"

"ಅರ್ಧ ನಂದೇ. ನಡುವೆ ಗೋಡೆ ಕಟ್ಟಿಸ್ತೀನಿ, ಆಗ ಯಾರ ಬಟ್ಟೆಗೂ ಏನೂ ಆಗಲ್ಲ."

"ಕಟ್ಟಿಸಪ್ಪ, ಧಾರಾಳವಾಗಿ ಕಟ್ಟಿಸು!"

ಓಶರ್ ದುಡುದುಡು ಮಾವನವರ ಕೋಣೆಗೆ ನುಗ್ಗಿ ಗೂಡಿನಲ್ಲಿದ್ದ ರೊಟ್ಟಿಯನ್ನು ಎರಡಾಗಿ ಮುರಿದ. "ನನ್ನ ಹಿಟ್ಟು ನನಗೆ," ಎಂದ.

ಹಾಸಿಗೆಯಲ್ಲಿದ್ದ ಮಾವನವರು ಅವನನ್ನು ನೋಡಿ, "ತಿನ್ನಪ್ಪ, ಇನ್ನೂ ಬಿಸಿ ಇದೆ," ಎಂದರು. ಅಷ್ಟೇ.

ನಾನು ಓಡಿ ಬಂದು ದೀಪ ಹಚ್ಚುವಷ್ಟರಲ್ಲಿ ಹೊತ್ತು ಮುಳುಗಿತು. ಇನ್ನು ಹಿಟ್ಟು ಕಲಸುವಂತಿಲ್ಲ, ಒಲೆ ಮುಟ್ಟುವಂತಿಲ್ಲ. ದೀಪದ ಮುಂದೆ ಕಣ್ಣು ಮುಚ್ಚಿದಾಗಲೇ ನೆನಪಾದದ್ದು: ನಾಳೆ ಮೊಮ್ಮಗನ ಸುನ್ನತಿ. ಹುಟ್ಟಿದ ಎಂಟನೆಯ ದಿನ ಸಬ್ಬತ್ತೇ ಬಂದರೂ ಅದು ನಡೆಯಲೇಬೇಕು. ಮಗುವನ್ನು ತೊಡೆಯ ಮೇಲೆ ಹಿಡಿದುಕೊಳ್ಳಬೇಕಾದವರು ಮಾವನವರು. ಕಾಲು ಬಿದ್ದುಹೋದ ಮೇಲೆ ಅವರು ನನ್ನನ್ನು ಕೇಳಿದ್ದು ಅದೊಂದೇ: "ಮರಿಮಗ ಒಂದ್ಸಲ ತೊಡೆಗೆ ಬರಲಿ ಕಣಮ್ಮ." ಮಗು ನಮ್ಮ ಮನೆಯಲ್ಲಿ, ತೊಡೆ ಮರದ ಆಚೆ; ಇಬ್ಬರಲ್ಲಿ ಯಾರನ್ನೂ ಎತ್ತಿಕೊಂಡು ಅಂಗಳ ದಾಟುವಂತಿಲ್ಲ.

ಬೆಳಗ್ಗೆ ಪ್ರಾರ್ಥನೆ ಮುಗಿಸಿಕೊಂಡು ನಮ್ಮ ಕೇರಿಯ ಗುರು ರಬ್ಬಿ ಯೋಹಾಯ್ ಬಂದರು. ನಡೆದದ್ದನ್ನು ಕೇಳಿ ಗಡ್ಡ ನೀವಿಕೊಂಡರು.

"ಮುರಿದ ರೊಟ್ಟಿ ಆಗಲ್ಲಮ್ಮ. ಇಲ್ಲೇ ಮಾಡೋಣ. ಪಿನ್ಹಾಸ್ ಕೂತ್ಕೊಳ್ಳಲಿ."

ನಾನು ಅಂಗಳದ ಆಚೆ ನೋಡಿದೆ. ಕಿಟಕಿಯ ಬಳಿ ಮಾವನವರು ಬಿಳಿ ನಿಲುವಂಗಿ ತೊಟ್ಟು, ದಿಂಬಿಗೆ ಒರಗಿ, ತೊಡೆಯ ಮೇಲಿನ ಹೊದಿಕೆಯ ಸುಕ್ಕು ಬಿಡಿಸುತ್ತ ಕೂತಿದ್ದರು.

ಆಗ ಎದುರು ಮನೆಯ ಬಾಗಿಲು ತೆರೆಯಿತು. ಹಿಂದಿನ ದಿನ ಹೊತ್ತು ಮುಳುಗುವ ಮುಂಚೆಯೇ ಒಲೆಗಿಟ್ಟು ರಾತ್ರಿಯಿಡೀ ಬೆಂದ ಅನ್ನದ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಓಶರ್ ಅಪ್ಪನ ಕೋಣೆಗೆ ಹೊರಟಿದ್ದ. ಪ್ರತಿ ವಾರದ ಅಭ್ಯಾಸ. ಹೊಸ್ತಿಲ ಮೇಲೆ ಎತ್ತಿದ ಕಾಲು ಹಾಗೇ ನಿಂತಿತು.

"ಹೋಗ್ರೀ, ಮಾವ ಹಸ್ಕೊಂಡಿದ್ದಾರೆ," ಎಂದಳು ಹಿಂದಿನಿಂದ ಬುಲೋರ್.

"ಹೋಗೋ ಹಾಗಿಲ್ಲ ಕಣೇ."

"ಯಾರು ಬೇಡ ಅಂದ್ರು?"

ಕಿಟಕಿಯಿಂದ ಮಾವನವರೇ ಕೂಗಿದರು: "ಓಶರ್, ಘಮ ಆಗಲೇ ಬಂತಪ್ಪ. ಇವತ್ತಿಗೆ ಅದೇ ಸಾಕು. ಚೆನ್ನಾಗಿದೆ."

ಓಶರ್ ಎತ್ತಿದ ಕಾಲನ್ನು ಹಿಂದಕ್ಕಿಟ್ಟ; ಮೊಣಕೈವರೆಗೆ ನೀಲಿಯಾಗಿದ್ದ ಕೈಗಳಲ್ಲಿ ಪಾತ್ರೆ ಹಾಗೇ ಇತ್ತು.

ರಬ್ಬಿ ಅಂಗಳಕ್ಕೆ ಇಳಿದರು. "ಓಶರ್, ರೊಟ್ಟಿ ಸುಡೋ ಹೊತ್ತು ಹೋಯ್ತು. ಬಾಯಲ್ಲಿ ಬಿಟ್ಟುಕೊಡೋ ಹೊತ್ತು ಹೋಗಿಲ್ಲ. ಅಂಗಳದಲ್ಲಿ ನಿನ್ನ ಪಾಲು ಇವತ್ತೊಂದು ದಿನ ಅಣ್ಣಂಗೆ ಬಿಟ್ಟೆ ಅನ್ನು. ಆಗ ಅಂಗಳ ಒಬ್ಬನದೇ ಆಯ್ತು, ಮಗು ದಾಟುತ್ತೆ."

"ಈ ಪಾತ್ರೆ?"

"ಅಂಗಳ ಮಾತ್ರ ಬಿಟ್ರೆ ಪಾತ್ರೆ ನಿನ್ನ ಮನೇಲೇ ಉಳಿಯುತ್ತೆ. ಮನೇನೂ ಬಿಟ್ರೆ ಅದೂ ಬರುತ್ತೆ."

"ಅಯ್ಯೋ, ಮನೇನೂ ಬಿಟ್ರೆ ನಾವು ಎಲ್ಲಿ ಕೂತು ಉಣ್ಣೋದು?" ಎಂದಳು ಬುಲೋರ್.

"ನಮ್ಮಲ್ಲಿ," ಎಂದೆ. "ಇನ್ನೆಲ್ಲಿ?"

ಓಶರ್ ನನ್ನ ಗಂಡನ ಮುಖ ನೋಡಿದ. ಪಿನ್ಹಾಸ್, "ನನ್ನೊಬ್ಬನದೂ ಅಲ್ಲ ಕಣೋ ಈ ಅಂಗಳ," ಎಂದರು.

"ಅಂಗಳ ಬಿಟ್ಟೆ ಅಣ್ಣ," ಎಂದ ಓಶರ್. "ಮನೇನೂ ಬಿಟ್ಟೆ. ತಗೋ."

"ತಗೊಂಡೆ. ಇರೋದು ಒಂದೇ ಮನೆ, ಈಗ ಗೋಡೆ ಎಲ್ಲಿ ಕಟ್ತೀಯ?"

ಮೊದಲು ನಕ್ಕವರು ಮಾವನವರು. ಆಮೇಲೆ ಅಂಗಳದ ತುಂಬ ನಗು.

ಸಬ್ಬತ್ತಿನಲ್ಲಿ ಕೈಗೆ ಬಿಡುವು ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವಳು ನಾನು. 'ನನ್ನದು' ಎಂಬ ಮಾತಿಗೂ ಅಂದು ಬಿಡುವು ಉಂಟೆಂದು ಆ ಬೆಳಗ್ಗೆ ಕಣ್ಣಾರೆ ಕಂಡೆ. ದೇವರು ದೊಡ್ಡವನು.

ನಾನು ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಇಳಿದೆ. ಪಕ್ಕದಲ್ಲಿ ಪಾತ್ರೆ ಹಿಡಿದು ಓಶರ್. ಮಾವನವರ ತೊಡೆಯ ಮೇಲೆ ಮಗುವನ್ನು ಇಳಿಸಿದಾಗ ಅವನು ಮೆಲ್ಲಗೆ ಕೇಳಿದ:

"ಅತ್ತಿಗೆ, ಮಗು ಸುತ್ತೋಕೆ ಈ ನೀಲಿ ಕಲೆ ಬಟ್ಟೆನೇ ಬೇಕಿತ್ತಾ?"

"ಇಷ್ಟು ಮೆತ್ತಗಿರೋದು ಇನ್ನೊಂದಿಲ್ಲ ಕಣಪ್ಪ."

ಮಗು ಅತ್ತಿತು. ಅದರ ನಾಲಿಗೆಗೆ ಒಂದು ಹನಿ ದ್ರಾಕ್ಷಾರಸ ಮುಟ್ಟಿಸುವ ಹೊತ್ತಿಗೆ ಮಾವನವರೂ ಅಳುತ್ತಿದ್ದರು, ಬಾಯಲ್ಲಿ ಮಾತ್ರ ಸ್ತೋತ್ರ. ಆಮೇಲೆ ಮಾವನವರನ್ನೂ ಎತ್ತಿಕೊಂಡು ಬಂದು ಎಲ್ಲರೂ ನಮ್ಮಲ್ಲೇ ಒಟ್ಟಿಗೆ ಕೂತು ಉಂಡೆವು. ಬುಲೋರ್ ಮಾಡಿದ ಅನ್ನ ಅಷ್ಟು ರುಚಿಯಾಗಿತ್ತೋ, ನಮ್ಮ ಹಸಿವೇ ಹಾಗಿತ್ತೋ.

ಸಂಜೆ ಮರದ ಮೇಲೆ ನಕ್ಷತ್ರ ಮೂಡಿ ಸಬ್ಬತ್ ಮುಗಿಯಿತು. ಓಶರ್ ಇನ್ನೂ ನಮ್ಮ ಮೆಟ್ಟಿಲ ಮೇಲೇ ಕೂತಿದ್ದ.

"ಅತ್ತಿಗೆ, ಈಗ ನನ್ನ ಮನೆ ವಾಪಸ್ ಕೊಡ್ತೀರಾ?"

"ಚಹಾ ಇಟ್ಟಿದ್ದೀನಿ," ಎಂದೆ. "ಕುಡಿ. ಆಮೇಲೆ ನೋಡೋಣ."