ಚಕ್ರವರ್ತಿಯ ಕೆಮ್ಮು

ಚಳಿಗಾಲದ ಕಾಯಿಲೆಗೆ ಬೇಸಿಗೆಯಲ್ಲೇ ಮದ್ದು ಅರೆಯಬೇಕೆಂಬುದು ಶಾವೋಶಿಂಗ್‌ನ ಕಾಲುವೆ ದಂಡೆಯವರಿಗೆ ಅಜ್ಜಿಯರ ಕಾಲದಿಂದ ಗೊತ್ತು. ಅದಕ್ಕೇ ನೆತ್ತಿ ಸುಡುವ ಆ ದಿನ ಮುದುಕ ಗೆನ್‌ಶುಯಿ ಅಂಗಿ ಬಿಚ್ಚಿ ವೈದ್ಯಶಾಲೆಯ ಸಾಲಿನಲ್ಲಿ ನಿಂತಿದ್ದ. ಒಂದು ಕಾಲಕ್ಕೆ ದೋಣಿ ನಡೆಸಿದವನು, ಈಗ ಊರಿನ ನಾಟಕ ತಂಡದಲ್ಲಿ ಚಕ್ರವರ್ತಿ. ಕಳೆದ ಚಳಿಗಾಲದ ಹೊಸವರ್ಷದ ಆಟದಲ್ಲಿ, ಸೇನಾಪತಿಗೆ ಮರಣದಂಡನೆ ವಿಧಿಸುವ ಹೊತ್ತಿಗೆ ಸರಿಯಾಗಿ ಕೆಮ್ಮು ಒತ್ತರಿಸಿ ಬಂದು, ಮಂಡಿಯೂರಿದ್ದ ಸೇನಾಪತಿಯೇ ಎದ್ದು ಪ್ರಭುವಿನ ಬೆನ್ನು ನೀವಬೇಕಾಯಿತು. ಈ ಸಲವೂ ಕೆಮ್ಮಿದರೆ ಕಿರೀಟ ಬೇರೆಯವರ ತಲೆಗೆ ಎಂದು ತಂಡ ತೀರ್ಮಾನಿಸಿತ್ತು.

ಶುಂಠಿ ರಸದಲ್ಲಿ ಕಲಸಿದ ಸಾಸಿವೆ ಲೇಪವನ್ನು ಬೆನ್ನಿಗೆ ಅಂಟಿಸಿ ಡಾಕ್ಟರಮ್ಮ ಹೇಳಿದರು: "ಬೇಸಿಗೆ ಮುಗಿಯೋವರೆಗೂ ತಣ್ಣಗಿರೋದೇನೂ ಬಾಯಿಗೆ ಹೋಗಬಾರದು. ಕಲ್ಲಂಗಡಿಯಂತೂ ಬೇಡವೇ ಬೇಡ."

ಮರಣದಂಡನೆ ಎಂದರೇನೆಂದು ಗೆನ್‌ಶುಯಿಗೆ ಆಗ ಅರ್ಥವಾಯಿತು.

ಮನೆಯ ಬಾವಿಯಲ್ಲಿ ತಂಪಿಗೆಂದು ಇಳಿಬಿಟ್ಟ ಕಲ್ಲಂಗಡಿ ಇತ್ತು. ಬಿಸಾಡಿದರೆ ಪಾಪ, ಇಟ್ಟುಕೊಂಡರೆ ಗಂಡನನ್ನು ನಂಬುವಂತಿಲ್ಲ. ಹೆಂಡತಿ ಯಿನ್‌ಫೆಂಗ್ ಕರ್ತವ್ಯಕ್ಕೆ ತಲೆಬಾಗಿ ತಾನೇ ಮುಗಿಸಿದಳು. ಅಳಿಯ ತಂದುಹಾಕಿದ ಹಣ್ಣುಗಳೂ ಅದೇ ದಾರಿ ಹಿಡಿದವು. ನೀವೂ ಲೇಪ ಹಾಕಿಸಿಕೊಳ್ಳಿ ಎಂದ ಡಾಕ್ಟರಮ್ಮನಿಗೆ, ತನ್ನದು ಕಬ್ಬಿಣದ ಎದೆ ಎಂದುಬಿಟ್ಟಳು. ಗೆನ್‌ಶುಯಿ ಚುರುಗುಟ್ಟುವ ಬೆನ್ನು ಹೊತ್ತು, ಬಿಸಿ ಶುಂಠಿ ನೀರು ಹೀರುತ್ತ ನೋಡುತ್ತಿದ್ದ.

"ನಿನಗೋಸ್ಕರಾನೇ ತಿಂತಿರೋದು, ಮುದುಕಾ," ಎಂದು ಅವಳು ಬೀಜ ಉಗಿದಳು.

"ಗೊತ್ತಾಗ್ತಿದೆ. ಎಷ್ಟು ಕಷ್ಟಪಡ್ತಿದೀಯ ಅಂತ ಗಲ್ಲದ ಮೇಲೇ ಸುರೀತಿದೆ."

ಹೊಸವರ್ಷ ಬಂತು. ಕಾಲುವೆಗೆ ಚಾಚಿದ ರಂಗದ ಮುಂದೆ ಜನ ದೋಣಿಗಳಲ್ಲಿ ಹತ್ತಿ ತುಂಬಿದ ದಪ್ಪ ಅಂಗಿ ತೊಟ್ಟು ಕೂತರು. ಸೇನಾಪತಿ ಮಂಡಿಯೂರಿದ. ತಾಳ ನಿಂತಿತು. ಎಲ್ಲರೂ ಚಕ್ರವರ್ತಿಯ ಗಂಟಲನ್ನೇ ನೋಡುತ್ತಿದ್ದರು.

ಕೆಮ್ಮು ಕೇಳಿಸಿತು.

ಗೆನ್‌ಶುಯಿ ಗಾಬರಿಯಿಂದ ಎದೆ ಮುಟ್ಟಿಕೊಂಡ. ಎದೆ ಹಗುರವಾಗಿತ್ತು. ಕೆಮ್ಮು ಅವನದಲ್ಲ. ಮೊದಲ ದೋಣಿಯಲ್ಲಿ ಯಿನ್‌ಫೆಂಗ್ ತೋಳಿಗೆ ಬಾಯಿ ಒತ್ತಿ, ಬೇಸಿಗೆಯ ಕಲ್ಲಂಗಡಿಗೆಲ್ಲ ಒಟ್ಟಿಗೇ ಲೆಕ್ಕ ಒಪ್ಪಿಸುತ್ತಿದ್ದಳು.

ಚಕ್ರವರ್ತಿ ನಿಧಾನವಾಗಿ ನಿಲುವಂಗಿಯ ಉದ್ದ ತೋಳು ಕೊಡವಿ, ಒಂದೇ ಉಸಿರಿನಲ್ಲಿ, ಎಲ್ಲೂ ಒಡೆಯದ ದನಿಯಲ್ಲಿ ತೀರ್ಪು ಹಾಡಿದ: "ಸೇನಾಪತಿಯನ್ನ ಬಿಟ್ಟಿದೀನಿ. ಆ ದೋಣಿಯ ಹೆಂಗಸಿಗೆ ಬರೋ ಬೇಸಿಗೆ ಪೂರ್ತಿ ಬೆನ್ನಿಗೆ ಲೇಪ. ಕಲ್ಲಂಗಡಿಯೆಲ್ಲ ಅರಮನೆಗೆ ಸೇರತಕ್ಕದ್ದು."

ಬದುಕಿ ಉಳಿದ ಸೇನಾಪತಿಗೆ ಮುಂದಿನ ಮಾತು ಗೊತ್ತಿರಲಿಲ್ಲ. ಸುಮ್ಮನೆ ಅಡ್ಡಬಿದ್ದ. ನಗೆಗೆ ದೋಣಿಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಕಿರೀಟದ ಮಾತನ್ನು ಯಾರೂ ಎತ್ತಲಿಲ್ಲ.

ಕೆಮ್ಮಿನ ನಡುವೆಯೇ ಮೊದಲ ದೋಣಿಯಿಂದ ಉತ್ತರ ಬಂತು: "ತಿನ್ನು, ತಿನ್ನು. ಮುಂದಿನ ಚಳೀಲಿ ಯಾರು ಹಾಡ್ತಾರೋ ನೋಡ್ತೀನಿ."