ಹೊಸ್ತಿಲ ಹೊರಗಿಟ್ಟ ಕೌದಿ

ಕಲ್ಲೋಳಿಯ ಕಾಶೆವ್ವ ಸೊಸೆಯ ಮಡಿಲಿನಿಂದ ಮೊಲೆ ಬಿಡದ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಸೊಸೆ ಉದ್ದವ್ವನನ್ನು ಹೊಸ್ತಿಲು ದಾಟಗೊಡಲಿಲ್ಲ. ಆಕೆ ತವರಿನಿಂದ ತಂದ ಕೂಸಿನ ಸಾಮಾನಿನ ಗಂಟನ್ನು ಓಣಿಯ ಮಣ್ಣಿನಲ್ಲಿ ಇಡಲಾಯಿತು. ತವರಿನವರು ತೊಟ್ಟಿಲು ತಂದಿರಲಿಲ್ಲ.

ಚೊಚ್ಚಲ ಬಾಣಂತಿ ಗಂಡನ ಮನೆಗೆ ಬರುವಾಗ ಆ ಓಣಿಯಲ್ಲಿ ಒಂದು ಪದ್ಧತಿಯಿತ್ತು. ಎಲ್ಲಕ್ಕಿಂತ ಮುಂದೆ ಹಲಗೆ ವಾದ್ಯದ ಬಡಿತ, ಅದರ ಹಿಂದೆ ಆಳಿನ ತಲೆಯ ಮೇಲೆ ಬಣ್ಣದ ತೊಟ್ಟಿಲು, ತೊಟ್ಟಿಲ ಹಿಂದೆ ತಾಯಿ ಮತ್ತು ಕೂಸು. ಮೊದಲು ತೊಟ್ಟಿಲು ಹೊಸ್ತಿಲು ದಾಟಬೇಕು, ಆಮೇಲೆ ಬಾಣಂತಿ. ಓಣಿಯ ಹೆಂಗಸರೆಲ್ಲ ಬಂದು ಕೆತ್ತನೆಯ ಮೇಲೆ ಕೈಯಾಡಿಸುತ್ತಾರೆ. ಗಿಳಿಗಳೆಷ್ಟು, ನವಿಲುಗಳೆಷ್ಟು ಎಂದು ನೋಡಿ ಬೀಗರ ಅಂತಸ್ತನ್ನು ಅಳೆದುಬಿಡುತ್ತಾರೆ. ಕೂಸಿನ ಮುಖ ನೋಡುವುದು ಆಮೇಲಿನ ಮಾತು.

ಉದ್ದವ್ವನನ್ನು ಹೊರಗೆ ನಿಲ್ಲಿಸಲು ಅಪ್ಪಣೆ ಕೊಟ್ಟವನು ವೀರಪ್ಪ. ಕಾಶೆವ್ವನ ಗಂಡ ತೀರಿಕೊಂಡ ಮೇಲೆ ಆತನ ಅಣ್ಣನಾದ ವೀರಪ್ಪನೇ ಆ ಮನೆಗೆ ಹಿರಿಯ. ಗೋಕಾಕದಲ್ಲಿ ಅರಿವೆಯ ಅಂಗಡಿ, ತಲೆಗೆ ಜರಿಯ ರುಮಾಲು, ಆಡಿದ್ದೇ ಮಾತು.

“ಕೂಸು ನಮ್ಮ ಮನಿತನದ್ದು, ಒಳಗ ಇರಲಿ. ಆಕಿ ತವರೂರ ದಡ್ಡಿಗಿ ಹೋಗಿ ತೊಟ್ಟಲ ತಂದ ಮ್ಯಾಲ ಬರಲಿ,” ಎಂದಿದ್ದ.

“ಅಲ್ಲಿತನಾ ಹಾಲಿಗಿ ಏನ ಮಾಡೂದ್ರಿ, ಭಾವಾರ?” ಕಾಶೆವ್ವ ಬಾಗಿಲ ಮರೆಯಿಂದ ಕೇಳಿದ್ದಳು. ಭಾವನ ಎದುರು ನಿಂತು ಮಾತಾಡಿದವಳಲ್ಲ ಆಕೆ.

ವೀರಪ್ಪ ಕೂಸಿಗೆಂದು ತಂದಿದ್ದ ಒಂದು ಚಪ್ಪಟೆ ಗಾಜಿನ ಬಾಟಲಿಯನ್ನು ಕೋಟಿನ ಕಿಸೆಯಿಂದ ತೆಗೆದು ಕಟ್ಟೆಯ ಮೇಲಿಟ್ಟ. ಬಾಟಲಿಯ ಬಾಯಿಗೆ ಮೊಳದುದ್ದದ ರಬ್ಬರ್ ನಳಿಗೆ, ನಳಿಗೆಯ ತುದಿಗೆ ಚೀಪುವ ತೊಟ್ಟು. “ಬೆಳಗಾವ್ಯಾಗ ಸಾಹೇಬರ ಮಕ್ಕಳು ಕುಡಿಯೂದು ಇದರಾಗನ. ನನ್ನ ಮೊಮ್ಮಗಗೂ ಇದನ್ನ ತರಿಸಿದ್ದೆ. ಬಾಜೂಕ ಇಟ್ಟಬಿಡು, ಕೂಸು ತಾನ ಚೀಪತೈತಿ. ಸಂಜಿಕ ನಮ್ಮ ಮನಿತನದ ಭಾವಕಿ ಹಿರ್ಯಾರನ್ನ ಕರಕೊಂಡ ಬರತೇನಿ. ಅಷ್ಟರಾಗ ಬೀಗರ ಚಕ್ಕಡಿ ಓಣಿ ಬಿಟ್ಟಿರಬೇಕ.”

ಚಕ್ಕಡಿ ಓಣಿ ಬಿಡಲಿಲ್ಲ. ಉದ್ದವ್ವನ ಅಪ್ಪ ಲಕ್ಕಪ್ಪ ಎತ್ತು ಹೂಡಿದ, ಬಿಚ್ಚಿದ, ಮತ್ತೆ ಹೂಡಿದ. ಮಗಳು ಎದುರು ಮನೆಯ ಬಿಬಿಜಾನಳ ಕಟ್ಟೆಯ ಮೇಲೆ ಕುಳಿತವಳು ಏಳಲಿಲ್ಲ. ಕೂಸು ಒಳಗೆ ಅತ್ತಾಗಲೆಲ್ಲ ಆಕೆಯ ಎದೆ ತೊಟ್ಟಿಕ್ಕಿ ಕುಪ್ಪಸ ತೋಯ್ದು ಹೋಗುತ್ತಿತ್ತು. ಆಕೆಯ ಗಂಡ ಸೋಮಪ್ಪ ದನದ ಕೊಟ್ಟಿಗೆಯಲ್ಲಿ, ತಿಂದು ಮುಗಿಸಿದ ಎತ್ತಿಗೆ ಮತ್ತೆ ಮತ್ತೆ ಮೇವು ಹಾಕುತ್ತಿದ್ದ.

ಕಾಶೆವ್ವ ಪಡಸಾಲೆಯಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬಾಟಲಿ ಹಿಡಿದಳು. ಆಕೆಗೆ ಸಂಕಟವಿರಲಿಲ್ಲವೆಂದಲ್ಲ. ಆದರೆ ಸಿಟ್ಟು ಅದಕ್ಕಿಂತ ದೊಡ್ಡದಾಗಿತ್ತು. ಬಾಗಿಲಿನಿಂದ ನೋಡಿದರೆ ಆ ಗಂಟು ಕಾಣುತ್ತಿತ್ತು. ಬಿಚ್ಚಿಕೊಂಡು ಬಿದ್ದ ಅದರಲ್ಲಿ ಏನಿದೆ? ತೇಪೆ ಹಚ್ಚಿದ ಒಂದು ಕೌದಿ, ಉಟ್ಟು ಬಿಟ್ಟ ಎರಡು ಇಳಕಲ್ ಸೀರೆ, ಒಂದು ಕುಂಚಿಗೆ, ಹಾಲು ಕುಡಿಸುವ ಚುಂಚಿನ ಹಿತ್ತಾಳೆ ಒಳಲೆ. ಇಷ್ಟನ್ನು ತಂದು ಇದೇ ಕೂಸಿನ ಸಾಮಾನು ಎನ್ನುವುದೇ?

ಬಾಜೂ ಮನೆಯ ಕೆಂಚವ್ವ ಆಗಲೇ ಒಂದು ಸುತ್ತು ಬಂದು ಹೋಗಿದ್ದಳು. “ಕಾಶೆವ್ವಾ, ಬೀಗರ ತೊಟ್ಟಲ ಎಲ್ಲೈತೆವ್ವಾ? ನನಗ ಕಾಣವಲ್ದು. ಕಣ್ಣಾಗ ಪೊರಿ ಬಂತೇನ ಮತ್ತ!”

“ಹಿಂದಿಂದ ಬರಾಕತ್ತೈತಿ,” ಎಂದು ಕಾಶೆವ್ವ ಸುಳ್ಳು ಹೇಳಿದ್ದಳು.

“ಬರಲೆವ್ವಾ, ಬರಲಿ. ನಡಕೋತ ಬರಾಕತ್ತಿದ್ರ ತಡಾ ಆಗತೈತಿ.”

ಆ ಮಾತು ಕಾಶೆವ್ವನ ಕಿವಿಯಲ್ಲಿ ಇನ್ನೂ ಕುದಿಯುತ್ತಿತ್ತು.

ಕೂಸು ಮೊದಲು ನಳಿಗೆಯನ್ನು ಉಗುಳಿತು. ಹಸಿವು ತಡೆಯದೆ ಆಮೇಲೆ ಚೀಪಿತು. ಬಿಸಿಲೇರುವ ಹೊತ್ತಿಗೆ ಕುಡಿದದ್ದನ್ನೆಲ್ಲ ಕಾರಿತು. ಆಮೇಲೆ ಭೇದಿ ಹತ್ತಿತು. ಕಾಶೆವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮತ್ತೆ ಬಾಟಲಿ ತುಂಬಿದಳು. ಮತ್ತೆ ಕಾರಿತು. ಮಧ್ಯಾಹ್ನ ಇಳಿಯುತ್ತಿದ್ದಂತೆ ಅಳು ಸಣ್ಣದಾಯಿತು. ಆಮೇಲೆ ನಿಂತೇಹೋಯಿತು. ಕಾಶೆವ್ವನಿಗೆ ಅಳುವಿಗಿಂತ ಈ ಮೌನವೇ ಹೆಚ್ಚು ಹೆದರಿಕೆ ಹುಟ್ಟಿಸಿತು.

“ಕಾಶೆವ್ವಕ್ಕಾ!” ಹೊಸ್ತಿಲ ಹೊರಗೆ ಬಿಬಿಜಾನ ನಿಂತಿದ್ದಳು. ಬೆಳಗಾವಿಯ ಒಂದು ದವಾಖಾನೆಯಲ್ಲಿ ಹೆರಿಗೆಯ ಕೆಲಸ ಕಲಿತು ಬಂದವಳು, ಆ ಓಣಿಯ ಅರ್ಧ ಮಕ್ಕಳನ್ನು ಕೈಯಲ್ಲಿ ಹಿಡಿದವಳು. “ಕೂಸಿನ ದನಿ ಯಾಕ ನಿಂತೈತಿ?”

“ಮಲಗೇತಿ. ನೀ ಹೋಗ ಬೀಬಿ. ಭಾವಾರು ಯಾರನ್ನೂ ಒಳಗ ಬಿಡಬ್ಯಾಡ ಅಂದಾರ.”

“ನಾ ಒಳಗ ಬರಂಗಿಲ್ಲಕ್ಕಾ. ನೀನ ಕೂಸಿನ್ನ ಬೆಳಕಿಗಿ ತಾ.”

ಕಾಶೆವ್ವ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ಬಿಬಿಜಾನ ಕೂಸಿನ ತುಟಿ ಮುಟ್ಟಿದಳು, ಒಣಗಿತ್ತು. ಕಣ್ಣು ಒಳಗೆ ಹೋಗಿದ್ದವು. ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರೆ ಅದು ಎತ್ತಿದಂತೆಯೇ ನಿಂತು, ಮೆಲ್ಲಗೆ ಇಳಿಯಿತು.

“ನೋಡ, ಮೈಯಾಗಿನ ನೀರ ಆರಾಕತ್ತೈತಿ. ಏನ ಕುಡಿಸೀದಿ?”

“ನಮ್ಮ ಎಮ್ಮಿ ಹಾಲು, ಕಾಸಿ ಆರಿಸಿದ್ದು. ದೃಷ್ಟಿ ಆಗೇತೆವ್ವಾ ಇದಕ್ಕ.”

“ಬಾಟ್ಲಿ ತಾ. ಈಳಗೀನೂ ತಾ.”

“ಅಯ್ಯ, ಅದನ್ನ ಕೊಯ್ತೀಯೇನ? ಭಾವಾರ ಬಾಟ್ಲಿ ಅದು!”

“ಭಾವಾರ ಬಾಟ್ಲಿ ಬೇಕೋ, ಮಗನ ಕೂಸು ಬೇಕೋ? ಲಗೂನ ಹೇಳ.”

ಕಾಶೆವ್ವ ಈಳಿಗೆ ತಂದಳು. ಬಿಬಿಜಾನ ಅದನ್ನು ಹೊಸ್ತಿಲ ಮೇಲಿಟ್ಟು ನಳಿಗೆಯನ್ನು ಉದ್ದಕ್ಕೆ ಸೀಳಿ ಎರಡೂ ಬದಿಗೆ ಬಿಡಿಸಿ ಹಿಡಿದಳು. ಒಳಗೆಲ್ಲ ಕರಿಹಸಿರು ಪಾಚಿಯಂತೆ ಹಳೆಯ ಹಾಲು ಅಂಟಿಕೊಂಡಿತ್ತು. ಅದರ ನಾತಕ್ಕೆ ಕಾಶೆವ್ವ ಸೆರಗು ಮೂಗಿಗೆ ಹಿಡಿದಳು.

“ನಾ ತೊಳದಿದ್ನಲ್ಲ,” ಎಂದಳು.

“ಹೆಂಗ ತೊಳದಿ? ಒಳಗ ನಿನ್ನ ಬೆರಳ ಹೋಗತೈತೇನ? ಯಾರ ಬೆರಳೂ ಹೋಗಂಗಿಲ್ಲ. ಇದು ಇವತ್ತಿನ ಹಾಲಲ್ಲಕ್ಕಾ, ಎಂದೋ ಯಾವದೋ ಕೂಸು ಕುಡದ ಹಾಲು.”

ಯಾವುದೋ ಕೂಸಲ್ಲ. ವೀರಪ್ಪನ ಮೊಮ್ಮಗ. ಹೋದ ವರ್ಷ ಭೇದಿ ಹತ್ತಿ ತೀರಿಕೊಂಡಿದ್ದ. ದೃಷ್ಟಿ ತಾಗಿತೆಂದು ಮನೆಮಂದಿಯೆಲ್ಲ ಅತ್ತು, ಆ ಕೂಸಿನ ಬಾಟಲಿಯನ್ನು ಬೆಲೆಯುಳ್ಳದ್ದೆಂದು ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಕಾಶೆವ್ವ ಕೈಯಲ್ಲಿದ್ದ ಕೂಸಿನ ಮುಖ ನೋಡಿದಳು.

“ಬೀಬಿ, ಇದು ಉಳೀತೈತೇನ?”

“ಈಗ ಹೇಳಾಕ ಬರಂಗಿಲ್ಲ. ಔಷಧ ಅಲ್ಲಿ ಕುಂತೈತಿ ನೋಡ,” ಬಿಬಿಜಾನ ತನ್ನ ಕಟ್ಟೆಯ ಕಡೆ ಕೈ ತೋರಿಸಿದಳು. “ಮುಂಜಾನಿಂದ ಮಣ್ಣಪಾಲ ಆಗಾಕತ್ತೈತಿ.”

ಕಾಶೆವ್ವ ಕೂಸನ್ನು ಎದೆಗೊತ್ತಿಕೊಂಡು ಹೊಸ್ತಿಲು ದಾಟಿದಳು. ಓಣಿಯ ನಡುವೆ ನಿಂತು ಕೂಗಿದಳು: “ಉದ್ದವ್ವಾ, ಬಾ ಯವ್ವಾ. ಒಳಗ ಬಾ.” ಕೆಂಚವ್ವ ನೋಡುತ್ತಿದ್ದಳು. ನೋಡಲಿ. ಕೂಸನ್ನು ತಾಯಿಯ ಕೈಗೆ ಕೊಟ್ಟು, ಕಾಶೆವ್ವ ಮಣ್ಣಿನಲ್ಲಿ ಬಿದ್ದಿದ್ದ ಗಂಟನ್ನು ತಾನೇ ಬಾಗಿ ಎತ್ತಿಕೊಂಡಳು.

ಕೂಸಿಗೆ ಮೊದಲು ಚೀಪುವ ಶಕ್ತಿಯೂ ಇರಲಿಲ್ಲ. ಅವರ ಹಿಂದೆಯೇ ಒಳಗೆ ಬಂದ ಬಿಬಿಜಾನ ಒಳಲೆಯನ್ನು ಬೂದಿಯಲ್ಲಿ ತಿಕ್ಕಿ, ಕುದಿಯುವ ನೀರಿಗೆ ಹಾಕಿ ತೆಗೆದಳು. ಉದ್ದವ್ವ ತನ್ನ ಎದೆಹಾಲನ್ನೇ ಅದರಲ್ಲಿ ಹಿಂಡಿದಳು. ಹನಿಹನಿಯಾಗಿ ತುಟಿಗೆ ಬಿಟ್ಟರು. ಒಂದು ಹನಿ ಇಳಿಯಿತು. ಇನ್ನೊಂದು. ಮೂವರೂ ಉಸಿರು ಬಿಗಿಹಿಡಿದು ಆ ಗಂಟಲನ್ನೇ ನೋಡುತ್ತಿದ್ದರು. ಬಹಳ ಹೊತ್ತಿನ ಮೇಲೆ ಕೂಸು ತಾನಾಗಿ ಮೊಲೆಗೆ ಬಾಯಿ ಹಾಕಿತು.

“ಭೇದಿ ಆದ್ರೂ ಎದಿಹಾಲ ನಿಲ್ಲಸಬ್ಯಾಡ್ರಿ. ಕೇಳಿದಾಗೆಲ್ಲ ಕೊಡ್ರಿ,” ಬಿಬಿಜಾನ ಹೇಳಿದಳು. “ಕೇಳದಿದ್ರೂ ಕೊಡ್ರಿ. ಮತ್ತ ಕೂಸು ಸೋತಂಗ ಕಂಡ್ರ ಹುಕ್ಕೇರಿಗೋ ಗೋಕಾಕಕ್ಕೋ, ಯಾವ ದವಾಖಾನಿ ಸಮೀಪ ಆಗತೈತೋ ಅಲ್ಲಿಗಿ ಚಕ್ಕಡಿ ಹೊಡೀರಿ. ಹಿರ್ಯಾರನ್ನ ಕೇಳಕೋತ ಕುಂಡರಬ್ಯಾಡ್ರಿ.”

ಉಸಿರು ಮರಳಿದ ಮೇಲೆ ಕಾಶೆವ್ವನಿಗೆ ಹಳೆಯ ಮಾತು ಮತ್ತೆ ಬಾಯಿಗೆ ಬಂತು. “ಹಾಲಿನ ಮಾತ ಖರೆ. ಆದ್ರ ತೊಟ್ಟಲ ಇಲ್ದನ ಮಂದ್ಯಾಗ ಮುಖಾ ಹೆಂಗ ತೋರಸೂದು? ನಿಮ್ಮಪ್ಪಗ ಒಂದ ತೊಟ್ಟಲ ಆಗಲಿಲ್ಲೇನ?”

“ಅಪ್ಪ ಮಾಡಸ್ತೇನಂದ್ರಿ, ಅತ್ಯಾರ. ನಾನ ಬ್ಯಾಡಂದೆ.”

“ನೀನ?”

“ಹೂಂ ರೀ. ತೊಟ್ಟಲ ತಗೊಂಡ ಹೊಲಕ್ಕ ಹೋಗಾಕ ಬರತೈತೇನ್ರಿ? ನಾಳಿ ನೀವೂ ನಾನೂ ಕಳೆ ತಗ್ಯಾಕ ಹೋದ್ರ ಕೂಸು ಮನ್ಯಾಗ ಒಂದ ಇರತೈತೇನ್ರಿ?” ಉದ್ದವ್ವ ತಲೆಯೆತ್ತದೆ, ಆದರೆ ನಡುಗದೆ ಹೇಳಿದಳು. “ಈ ಸೀರಿ ನೋಡ್ರಿ. ಜಂತಿಗಿ ಕಟ್ಟಿದ್ರ ಜೋಳಗಿ. ಹೊಲದಾಗ ಬೇವಿನ ಟೊಂಗಿಗಿ ಕಟ್ಟಿದ್ರೂ ಜೋಳಗಿ. ಬಿಚ್ಚಿ ಬೆನ್ನಿಗಿ ಬಿಗದ್ರ ಕೂಸು ನನ್ನ ಸಂಗಾಟ ಬರತೈತಿ. ಬಿಸಲಿಗಿ ಮರಿ, ಚಳಿಗಿ ಹೊದಿಕಿ. ಹಳೀ ಅರಿಬಿ ಮೆತ್ತಗ ಇರತೈತಿ, ಕೂಸಿನ ಮೈ ಕೆರೆಯಂಗಿಲ್ಲ. ಒಂದು ಹೊಲಸ ಆದ್ರ ಒಗದ ಬಿಸಲಿಗಿ ಹಾಕಿ ಇನ್ನೊಂದ ಕಟ್ಟೂದು. ಕೌದಿ ಇವತ್ತ ಕೂಸಿನ ಹಾಸಿಗಿ, ನಾಳಿ ಅಂಬೆಗಾಲಿಡೂ ಅಂಗಳ. ಕೂಸು ದೊಡ್ಡದ ಆದ ಮ್ಯಾಲೂ ಇದರಾಗ ಒಂದೂ ದಂಡ ಆಗಂಗಿಲ್ರಿ.”

“ಹರಕ ಅರಿಬಿ ಕಡದ ಬಿದ್ರ?”

“ಹರಕ ಕಟ್ಟಬಾರದಕ್ಕಾ,” ಬಿಬಿಜಾನ ಎದ್ದಳು. “ಹಳೀದು ಬ್ಯಾರೆ, ಹರಕ ಬ್ಯಾರೆ. ಬೆಳಕಿಗಿ ಹಿಡದ ನೋಡಬೇಕ, ಜಾಳ ಆಗಿದ್ರ ಬ್ಯಾಡ. ಕಟ್ಟಿದ ಮ್ಯಾಲ ಮೊದಲ ನಿನ್ನ ಭಾರ ಹಾಕಿ ಜಗ್ಗ. ನೆಲಕ್ಕ ಸಮೀಪ ಕಟ್ಟ, ಕೆಳಗ ಕೌದಿ ಹಾಸ. ಕೂಸಿನ ಮುಖಾ ಯಾವಾಗೂ ಕಾಣಬೇಕ, ಗದ್ದ ಎದಿಗಿ ಒತ್ತಬಾರದು, ಕೊರಳ ಹತ್ತರ ದಾರ ಇರಬಾರದು. ಮುಖಾ ಮುಚ್ಚಿದ ಜೋಳಗಿ ಜೋಳಗಿ ಅಲ್ಲ.”

ಕಾಶೆವ್ವನ ಕಣ್ಣು ಅಟ್ಟದ ಕಡೆ ಹೋಯಿತು. ಅಲ್ಲಿ ಆಕೆಯದೇ ತೊಟ್ಟಿಲಿತ್ತು, ಆಕೆಯ ತವರಿನವರು ತಂದದ್ದು. ಬಣ್ಣದ ಗಿಳಿಗಳ ನಡುವೆ ಈಗ ಹುರಳಿ ಬೀಜ ತುಂಬಿತ್ತು. ಸೋಮಪ್ಪ ಅದರಲ್ಲಿ ಮಲಗಿದ್ದು ಯಾವಾಗ? ಮಂದಿ ನೋಡಲು ಬಂದಾಗ. ಮಿಕ್ಕ ದಿನವೆಲ್ಲ ಆತ ಬೆಳೆದದ್ದು ಹೊಲದ ಬದುವಿನಲ್ಲಿ, ಆಕೆಯದೇ ಹರೆಯದ ಸೀರೆಯಲ್ಲಿ ತೂಗಾಡುತ್ತ. ಆ ತೊಟ್ಟಿಲಿಗಾಗಿ ಅಪ್ಪ ಹಿಂಡುವ ಆಕಳನ್ನು ಹೊಡೆದುಕೊಂಡು ಹೋಗಿ ಬಡಗಿಗೆ ಕೊಟ್ಟು ಬಂದಿದ್ದ. ಸಣ್ಣ ತಮ್ಮ ಯಲ್ಲಪ್ಪ ಗೋದಲಿಯ ಮುಂದೆ ನಿಂತು, ಆಕಳು ಎಲ್ಲಿ ಹೋಯಿತೆಂದು ದಿನವೂ ಕೇಳುತ್ತಿದ್ದನಂತೆ. ಆ ಮಾತನ್ನು ಆಕೆ ಇಷ್ಟು ವರ್ಷ ಯಾರ ಮುಂದೆಯೂ ಆಡಿರಲಿಲ್ಲ.

ಇಂದೂ ಆಡಲಿಲ್ಲ. “ಸೋಮ್ಯಾ!” ಎಂದು ಕೊಟ್ಟಿಗೆಯ ಕಡೆಗೆ ಕೂಗಿದಳು. “ಎತ್ತಿನ ಹೊಟ್ಟಿ ಒಡದೀತು, ಸಾಕ ಮಾಡ. ಬಾ ಇಲ್ಲಿ. ಜಂತಿಗಿ ಸೀರಿ ಕಟ್ಟ.”

ಸೋಮಪ್ಪ ಓಡಿ ಬಂದ. ಕಟ್ಟಿದ. ಕಾಶೆವ್ವ ಜೋಳಿಗೆಗೆ ಜೋತುಬಿದ್ದು, ತನ್ನ ಇಡೀ ಭಾರ ಹಾಕಿ ಜಗ್ಗಿದಳು. ಗಂಟು ಜಾರಲಿಲ್ಲ.

ಈಗ ವೀರಪ್ಪ ಗೋಕಾಕದಿಂದ ಬರುವ ದಾರಿಯಲ್ಲಿದ್ದಾನೆ. ಜೊತೆಯಲ್ಲಿ ಭಾವಕಿಯ ಹಿರಿಯರಿದ್ದಾರೆ. ಆತ ಬಂದು ಮುಟ್ಟುವ ಮುನ್ನ, ಇದನ್ನು ಓದುತ್ತಿರುವ ತಾಯಂದಿರೇ, ಕಟ್ಟೆಯ ಮೇಲೆ ಕುಳಿತು ಓದಿಸಿ ಕೇಳುತ್ತಿರುವ ಅಣ್ಣಂದಿರೇ, ನಿಮ್ಮ ಮನೆಯ ಅಟ್ಟವನ್ನೊಮ್ಮೆ ನೋಡಿ. ಅಲ್ಲಿ ಬೀಜ ತುಂಬಿದ ತೊಟ್ಟಿಲಿದ್ದರೆ ಅದು ಯಾರ ಮನೆಯ ಹಾಲು ಕಸಿದು ಬಂದದ್ದೆಂದು ಕೇಳಿ. ಕೂಸಿಗೆ ಬೇಕಾದದ್ದು ಕಡಿಮೆ: ತಾಯಿಯ ಹಾಲು, ಒಗೆದು ಬಿಸಿಲಿಗೆ ಹಾಕಿದ ಮೆತ್ತನೆಯ ಅರಿವೆ, ಬೆರಳು ಹಾಕಿ ತಿಕ್ಕಿ ಕುದಿಸಬಲ್ಲ ಒಂದು ಒಳಲೆ. ತೊಳೆಯಲು ಬಾರದ ವಸ್ತುವನ್ನು, ಅದು ಎಷ್ಟೇ ದೊಡ್ಡವರ ಮನೆಯದಿರಲಿ, ಕೂಸಿನ ಬಾಯಿಗೆ ಇಡಬೇಡಿ. ಹತ್ತು ಕೆಲಸಕ್ಕೆ ಬರುವ ಒಂದು ಸೀರೆಯನ್ನು ತಂದ ಸೊಸೆಯನ್ನು ಹೊಸ್ತಿಲ ಹೊರಗೆ ನಿಲ್ಲಿಸಬೇಡಿ. ಬೀಗರ ಅಂತಸ್ತನ್ನು ಕೂಸಿನ ಹೊಟ್ಟೆಯ ಮೇಲೆ ಅಳೆಯುವ ಪದ್ಧತಿಯನ್ನು ಯಾವ ಶರಣರೂ ಹೇಳಿಕೊಟ್ಟಿಲ್ಲ. ನಾವೇ ಮಾಡಿಕೊಂಡದ್ದು, ನಾವೇ ಮುರಿಯಬೇಕು.

ದೀಪ ಹಚ್ಚುವ ಹೊತ್ತಿಗೆ ವೀರಪ್ಪ ಬಂದ. ಹಿರಿಯರು ಕಟ್ಟೆಯ ಕೆಳಗೆ ನಿಂತರು. ಒಳಗೆ ಜಂತಿಯಿಂದ ಇಳಿಬಿದ್ದ ಸೀರೆ, ಅದರ ಪಕ್ಕದಲ್ಲಿ ಕುಳಿತ ಉದ್ದವ್ವ, ಮೂಲೆಯಲ್ಲಿ ಸೀಳಿದ ನಳಿಗೆ ಆತನಿಗೆ ಕಂಡವು.

“ಏನಿದು?” ಗುಡುಗಿದ. “ಆ ಚಿಂದಿ ಬಿಚ್ಚ. ಕೂಸಿನ್ನ ಇತ್ತ ತಾ. ಆಕಿನ್ನ ಚಕ್ಕಡಿ ಹತ್ತಸು. ಹಿರ್ಯಾರ ಮುಂದ ಹೇಳಾಕತ್ತೇನಿ, ಕಾಶೆವ್ವಾ, ಕೇಳಸ್ತಿಲ್ಲೇನ?”

ಕಾಶೆವ್ವ ಬಾಗಿಲ ಮರೆಗೆ ಸರಿಯಲಿಲ್ಲ. ಹೊಸ್ತಿಲ ನಟ್ಟನಡುವೆ ಬಂದು ನಿಂತಳು.

“ಕೇಳಸ್ತೈತ್ರಿ, ಭಾವಾರ. ಬಿಚ್ಚಂಗಿಲ್ಲ. ಕೂಸಿನ್ನ ಕೊಡಂಗಿಲ್ಲ, ಸೊಸೀನೂ ಕಳಸಂಗಿಲ್ಲ. ದನಿ ಸಣ್ಣ ಮಾಡ್ರಿ, ಈಗಷ್ಟ ನಿದ್ದಿ ಹತ್ತೇತಿ ಅದಕ್ಕ.”