ಹುಸೇನಮ್ಮ ವಕೀಲರನ್ನು ಕೇಳಿ ಬಂದದ್ದು

“ಏಳ ಬೋಸುಡಿ, ಮ್ಯಾಲಕ್ಕೇಳ! ಕುರ್ಚಿ ನಿಮ್ಮಪ್ಪ ಮಾಡಿಸಿಟ್ಟಾನೇನು?”

ಮಕ್ತಲಿನ ಹತ್ತಿ ಮಿಲ್ಲಿನ ಅಂಗಳದಲ್ಲಿ ಮುನೀಮ ಆಶಪ್ಪ ಹೀಗೆ ಒದರಿದಾಗ, ವೇದಿಕೆಯ ಮೇಲೆ ಮಿಲ್ಲಿನ ಒಡೆಯ ಸಿದ್ದರಾಮೇಶ ಸಾವ್ಕಾರರು ಆತ್ಮಗೌರವದ ವಿಷಯ ಮಾತಾಡುತ್ತಿದ್ದರು. ಪ್ರತ್ಯೇಕ ತೆಲಂಗಾಣ ರಾಜ್ಯದ ಮಸೂದೆ ದಿಲ್ಲಿಯಲ್ಲಿ ಪಾಸಾಗಿ ಎರಡು ದಿನವಾಗಿತ್ತು; ಅದರ ಸಂಭ್ರಮದ ಸಭೆ ಅದು. “ಇನ್ನ ಮ್ಯಾಲ ನಾವು ಯಾರಿಗೂ ತಲಿ ಬಗ್ಗಸಂಗಿಲ್ಲ,” ಎಂದು ಅವರು ಅಂದದ್ದೇ ತಡ, ಹನ್ನೊಂದು ವರ್ಷ ಅವರ ಹತ್ತಿ ಹೊತ್ತ ಹುಸೇನಮ್ಮ ಎದುರಿಗಿದ್ದ ಖಾಲಿ ಕುರ್ಚಿಯಲ್ಲಿ ಕೂತುಬಿಟ್ಟಿದ್ದಳು. ಮಾದಿಗರ ಹೆಂಗಸು, ಊರ ಹಿರಿಯರ ಸಾಲಿನಲ್ಲಿ!

ಜೈಕಾರ ಹಾಕಿಸಿ ಸಾವ್ಕಾರರು ಕೆಳಗಿಳಿದು ಬಂದರು. “ನಾಳಿಂದ ಬರಬ್ಯಾಡ ನೀನು,” ಎಂದರು, ಬಹಳ ಮೆತ್ತಗೆ. ಆ ಕುರ್ಚಿ ತೊಳೆಯುವ ಕೆಲಸವೂ ಅವಳಿಗೇ ಬಂತು. ಅವತ್ತಿನ ಪಾಳಿ ಇನ್ನೂ ಮುಗಿದಿರಲಿಲ್ಲವಲ್ಲ.

ಮರುದಿನ ಅವಳು ಬಸ್ಸು ಹತ್ತಿ ನಾರಾಯಣಪೇಟೆಗೆ ಹೋದಳು. ಬಡವರಿಗೆ ಪುಕ್ಕಟೆ ಸಲಹೆ ಕೊಡುತ್ತಾರೆಂದು ಹೆಸರಾಗಿದ್ದ ಶರಣಬಸವ ವಕೀಲರು ಅವಳನ್ನು ಹೊಸ್ತಿಲಾಚೆಯೇ ನಿಲ್ಲಿಸಿ ವಿಚಾರಿಸಿದರು.

“ಕೆಲಸಕ್ಕ ಸೇರಿಸ್ಕೊಂಡ ಕಾಗದ ಐತೇನು?”

“ಇಲ್ರೀ ಯಪ್ಪಾ. ಬುಟ್ಟಿ ಎತ್ತು ಅಂದ್ರು, ಎತ್ತಿದೆ.”

“ಹಾಜರಿ ಪುಸ್ತಕದಾಗ ಹೆಸರು?”

“ಪುಸ್ತಕ ಆಶಪ್ಪನ ಬಗಲಾಗ ಇರತೈತ್ರಿ. ನನಗ ಓದಾಕ ಬರಂಗಿಲ್ಲ.”

“ತೆಗೆದು ಹಾಕಿದ್ದಕ್ಕರೆ ಕಾಗದ?”

“ಬಾಯಿಲೆ ಅಂದ್ರು ರೀ. ಬೈಯಾಕ ಕಾಗದ ಯಾಕ ಬೇಕು?”

ವಕೀಲರು ಕನ್ನಡಕ ತೆಗೆದು ನಕ್ಕರು. “ನೋಡವಾ, ನೀ ಅಲ್ಲಿ ದುಡಿದಿದ್ದಕ್ಕ ಸಾಕ್ಷಿ ಇಲ್ಲ. ದುಡೀಲಾರದಾಕೀನ ತೆಗೆಯೋದು ಹ್ಯಾಂಗ? ಕಾನೂನಿನ ಪ್ರಕಾರ ನಿನ್ನ ಯಾರೂ ತೆಗೆದೇ ಇಲ್ಲ. ಸುಮ್ನ ಮನಿಗಿ ಹೋಗು.”

ಅವರ ತಲೆಯ ಹಿಂದೆ ಬಸವಣ್ಣನ ಕ್ಯಾಲೆಂಡರು ತೂಗುತ್ತಿತ್ತು. ಓದು ಬಾರದಿದ್ದರೂ ಹುಸೇನಮ್ಮ ಅದರ ಗುರುತು ಹಿಡಿದಳು. ಸಾವ್ಕಾರರು ಪ್ರತಿ ಸಂಕ್ರಾಂತಿಗೆ ತಮಗೆ ಬೇಕಾದವರಿಗೆ ಹಂಚುವ ಕ್ಯಾಲೆಂಡರು.

“ಖರೇನೇನ್ರಿ, ನನ್ನ ತೆಗೆದೇ ಇಲ್ಲೇನ್ರಿ?”

“ಖರೇನ. ಯಾ ಕೋರ್ಟಿಗರೆ ಹೋಗು, ಇದನ್ನ ಹೇಳ್ತಾರ.”

ಮರುದಿನ ಮುಂಜಾನೆ ಎಲ್ಲರಿಗಿಂತ ಮೊದಲು ಹುಸೇನಮ್ಮ ಮಿಲ್ಲಿನಲ್ಲಿ ಬುಟ್ಟಿ ಹೊತ್ತು ನಿಂತಿದ್ದಳು. ಆಶಪ್ಪ ಅಡ್ಡ ಬಂದ.

“ನಾಚಿಕಿಲ್ಲೇನ ರಂಡಿ? ನಿನ್ನ ತೆಗೆದಾರಲ್ಲ!”

“ತೆಗೆದಿಲ್ಲಂತ ವಕೀಲರ ಹೇಳ್ಯಾರ. ತೆಗೆದಿದ್ರ ಬರದು ಕೊಡು, ನೀಯವ್ವ!”

ಗದ್ದಲ ಕೇಳಿ ಹೊರಬಂದ ಸಾವ್ಕಾರರು ಸಿಟ್ಟಿನಿಂದ ಪೆನ್ನು ತೆಗೆದು ‘ಇವಳನ್ನು ನಮ್ಮ ಮಿಲ್ಲಿನ ಕೆಲಸದಿಂದ’ ಎಂದು ಬರೆದರು. ಅಷ್ಟಕ್ಕೇ ಕೈ ನಿಂತಿತು. ಮುಂದೆ ಬರೆದರೆ ಅವಳು ಅಲ್ಲಿ ದುಡಿದದ್ದೂ ಕಾಗದಕ್ಕೆ ಬರುತ್ತಿತ್ತು.

“ಯಾಕ ನಿಲ್ಲಿಸಿದ್ರಿ? ಹನ್ನೊಂದು ವರ್ಷ ಅಂತ ಬರೀರಿ,” ಎಂದು ಹುಸೇನಮ್ಮ ಕಾಗದವನ್ನು ಅವರ ಕೈಯಿಂದ ಕಸಿದುಕೊಂಡು ಕುಪ್ಪಸದೊಳಗೆ ತುರುಕಿಕೊಂಡಳು.

ಹತ್ತಿ ಹೊರುವ ಪೋಚಮ್ಮ ತನ್ನ ಬುಟ್ಟಿ ಕೆಳಗಿಟ್ಟಳು. “ನನಗೂ ಒಂದು ಬರದು ಕೊಡ್ರಿ ಸಾವ್ಕಾರ್ರ. ನಂದು ಒಂಬತ್ತು ವರ್ಷ.”

ಉಳಿದವರೂ ಒಬ್ಬೊಬ್ಬರಾಗಿ ಬುಟ್ಟಿ ಇಳಿಸಿದರು. ಸಾವ್ಕಾರರು ಪೆನ್ನಿನ ಮುಚ್ಚಳ ಹುಡುಕತೊಡಗಿದರು. ಒಳಗೆ ಹತ್ತಿ ಬೀಳದ ಯಂತ್ರ ಬರಿದೇ ಹಲ್ಲು ಕಡಿಯುತ್ತಿತ್ತು.